‘ಇಲ್ಲೇ ಯಾಕೆ?’: ಗ್ರೀನ್ ಬೆಲ್ಟ್ ಹೊಲದಲ್ಲಿ ಒಂದು ಬ್ಯಾಟರಿ ಸ್ಥಾವರ

ಇಂಗ್ಲೆಂಡಿನ ಒಂದು ದೊಡ್ಡ ನಗರದ ಹೊರಗೆ, ಗ್ರೀನ್ ಬೆಲ್ಟ್‌ಗೆ ಸೇರಿದ ಹುಲ್ಲುಗಾವಲಿನಲ್ಲಿ ವಿದ್ಯುತ್ ಸಂಗ್ರಹಿಸುವ ಬ್ಯಾಟರಿ ಸ್ಥಾವರ ಕಟ್ಟಲು ಒಂದು ಕಂಪನಿ ಎರಡು ಸಲ ಅರ್ಜಿ ಹಾಕಿತು. ಮೊದಲನೆಯದು 2024ರ ಜನವರಿಯಲ್ಲಿ ತಿರಸ್ಕಾರವಾಯಿತು. ಎರಡನೆಯದಕ್ಕೆ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಎರಡೂ ಅರ್ಜಿಗಳ ಯೋಜನಾ ವರದಿ ಬರೆದವಳು ನಾನು. ಕಂಪನಿಯ ಸಲಹೆಗಾರಳಾಗಿ ದುಡಿದವಳಾದ್ದರಿಂದ ಊರಿನದಾಗಲಿ, ಕೌನ್ಸಿಲಿನದಾಗಲಿ, ಕಂಪನಿಯದಾಗಲಿ ಹೆಸರು ಹೇಳುವುದಿಲ್ಲ. ಗುರುತು ಹತ್ತದಿರಲೆಂದು ಜಾಗದ ಅಳತೆ, ದಿಕ್ಕು, ಎಣಿಕೆಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಕಾನೂನು, ನೀತಿ, ಅಗ್ನಿಶಾಮಕದವರು ಕೇಳುವ ಅಳತೆಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಬೆಂಗಳೂರಿನಲ್ಲಿ ಸೈಟು ಹುಡುಕಿದವರಿಗೆ ‘ಗ್ರೀನ್ ಬೆಲ್ಟ್’ ಹೊಸ ಮಾತಲ್ಲ. ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ನಗರದ ಸುತ್ತ ಬಳಿದ ಹಸಿರು ಬಣ್ಣ ಎಂದು ಎಲ್ಲರಿಗೂ ಗೊತ್ತು. ಇಂಗ್ಲೆಂಡಿನಲ್ಲಿ ಇದಕ್ಕೆ ಹಳೆಯ ಬೇರುಗಳಿವೆ. ಲಂಡನ್ ಸುತ್ತಲಿನ ನೆಲಕ್ಕಾಗಿ 1938ರಲ್ಲೇ ಒಂದು ಕಾಯ್ದೆ ಬಂತು. 1955ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ ಉಳಿದ ನಗರಗಳೂ ಇಂಥ ವಲಯ ಗುರುತಿಸಿಕೊಳ್ಳಲಿ ಎಂದಿತು. ಈಗ ದೇಶದ ನೆಲದ ಸುಮಾರು ಎಂಟರಲ್ಲಿ ಒಂದು ಪಾಲು ಗ್ರೀನ್ ಬೆಲ್ಟ್. ಹೊರಗಿನವರು ಇಲ್ಲಿ ಒಂದು ವಿಷಯವನ್ನು ತಪ್ಪು ತಿಳಿಯುತ್ತಾರೆ. ನೆಲ ಚೆಂದವಾಗಿದೆ, ಹಕ್ಕಿಗಳಿವೆ, ಕಾಡಿದೆ ಎಂಬ ಕಾರಣಕ್ಕೆ ಈ ರಕ್ಷಣೆ ಸಿಕ್ಕಿದ್ದಲ್ಲ. ನಗರ ಹರಡದಂತೆ ತಡೆಯುವುದು, ಅಕ್ಕಪಕ್ಕದ ಪಟ್ಟಣಗಳು ಒಂದಕ್ಕೊಂದು ಅಂಟದಂತೆ ಕಾಯುವುದು, ಹಳ್ಳಿಗಾಡಿನ ಒತ್ತುವರಿ ತಪ್ಪಿಸುವುದು, ಚಾರಿತ್ರಿಕ ಪಟ್ಟಣಗಳ ಸುತ್ತಲ ಪರಿಸರ ಉಳಿಸುವುದು, ಪಾಳುಬಿದ್ದ ನಗರಭೂಮಿಯನ್ನೇ ಮತ್ತೆ ಬಳಸುವಂತೆ ಮಾಡುವುದು, ಈ ಐದೇ ಅದರ ಉದ್ದೇಶ. ಅದರ ಜೀವಾಳ ಬಯಲು ಬಯಲಾಗಿಯೇ ಉಳಿಯುವುದು. ನೀತಿಯ ಭಾಷೆಯಲ್ಲಿ ಬರುವ ಈ ಗುಣವನ್ನು ನಾನು ಇಲ್ಲಿ ‘ಬಯಲುತನ’ ಎನ್ನುತ್ತೇನೆ. ಕಣ್ಣಿಗೆ ಕಾಣದಂತೆ ಮರ ನೆಟ್ಟು ಮುಚ್ಚಿದರೂ ಬಯಲುತನ ಹೋಯಿತೆಂದೇ ಲೆಕ್ಕ, ಏಕೆಂದರೆ ಖಾಲಿ ಇದ್ದ ಜಾಗವನ್ನು ವಸ್ತು ಆಕ್ರಮಿಸಿದೆ. ಕಾಣುವುದನ್ನೂ ಜಾಗ ತುಂಬುವುದನ್ನೂ ಬೇರೆಬೇರೆಯಾಗಿಯೇ ತೂಗುತ್ತಾರೆ.

ನೀತಿಯಲ್ಲಿ ಪಟ್ಟಿ ಮಾಡಿದ ಕೆಲವು ಬಗೆಗಳನ್ನು ಬಿಟ್ಟರೆ ಗ್ರೀನ್ ಬೆಲ್ಟ್‌ನಲ್ಲಿ ಕಟ್ಟುವುದೆಲ್ಲ ಮೂಲತಃ ‘ಸಲ್ಲದ ನಿರ್ಮಾಣ’. ಅದಕ್ಕೆ ಅನುಮತಿ ಬೇಕಾದರೆ ‘ಅತಿ ವಿಶೇಷ ಕಾರಣ’ ತೋರಿಸಬೇಕು. ಆಗುವ ಹಾನಿಗೆಲ್ಲ ಗಣನೀಯ ತೂಕ ಕೊಟ್ಟ ಮೇಲೂ ಪ್ರಯೋಜನದ ತಟ್ಟೆ ಸ್ಪಷ್ಟವಾಗಿ ಕೆಳಗೆ ಬರಬೇಕು. ಎರಡೂ ತಟ್ಟೆ ಸಮ ನಿಂತರೆ ಸಾಲದು.

ಈ ಕಥೆ ಶುರುವಾದದ್ದು ನೆಲದಿಂದಲ್ಲ, ತಂತಿಯಿಂದ. ಕಂಪನಿಗೆ ವಿತರಣಾ ಜಾಲದವರಿಂದ 132 ಕೆ.ವಿ. ಸಬ್‌ಸ್ಟೇಷನ್ ಒಂದರಲ್ಲಿ 50 ಮೆಗಾವ್ಯಾಟ್ ಸಂಪರ್ಕದ ಒಪ್ಪಿಗೆ ಮೊದಲೇ ಸಿಕ್ಕಿತ್ತು. ಬ್ರಿಟನ್ನಿನಲ್ಲಿ ಈಗ ಬಂಗಾರಕ್ಕಿಂತ ದುರ್ಲಭವಾದದ್ದು ಇದೇ. ಜಾಲಕ್ಕೆ ಸೇರಲು ಕಾದಿರುವ ಯೋಜನೆಗಳ ಸಾಲು 2024ರ ಹೊತ್ತಿಗೆ 700 ಗಿಗಾವ್ಯಾಟ್ ದಾಟಿತ್ತು. ಆ ಸಾಲಿನಲ್ಲಿ ಹತ್ತಿರದ ದಿನಾಂಕ ಸಿಕ್ಕವನು ಅದನ್ನು ಕೈಬಿಡುವುದಿಲ್ಲ. ಸಬ್‌ಸ್ಟೇಷನ್ ಮಾತ್ರ 1960ರ ದಶಕದಲ್ಲಿ ಊರಾಚೆ ಹೊಲದ ನಡುವೆ ಕಟ್ಟಿದ್ದು, ಆಮೇಲೆ ಅದರ ಸುತ್ತಲ ನೆಲವೆಲ್ಲ ಗ್ರೀನ್ ಬೆಲ್ಟ್ ಆಯಿತು. ಬ್ಯಾಟರಿ ಸಬ್‌ಸ್ಟೇಷನ್ನಿನಿಂದ ದೂರ ಹೋದಷ್ಟೂ ಕೇಬಲ್ ಖರ್ಚು, ವಿದ್ಯುತ್ ಸೋರಿಕೆ, ರಸ್ತೆ ಅಗೆತ, ದಾಟಬೇಕಾದ ಪ್ರತಿಯೊಂದು ಹೊಲದ ಮಾಲೀಕನ ಒಪ್ಪಿಗೆ, ಎಲ್ಲವೂ ಬೆಳೆಯುತ್ತವೆ. ಹಾಗಾಗಿ ಕಂಪನಿ 400 ಮೀಟರ್ ದೂರದಲ್ಲಿದ್ದ ಏರು ಜಾಗದ ಹೊಲವೊಂದನ್ನು, ಸುಮಾರು ಏಳೂವರೆ ಎಕರೆ, ರೈತರಿಂದ 40 ವರ್ಷಕ್ಕೆ ಗುತ್ತಿಗೆ ಮಾತಾಡಿಕೊಂಡಿತು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಆದ ಹಾಗೆ ಇಲ್ಲೂ ನೆಲ ರೈತರದೇ, ವರ್ಷಕ್ಕಿಷ್ಟು ಬಾಡಿಗೆ. ನನ್ನನ್ನು ಕರೆಯುವ ಹೊತ್ತಿಗೆ ಗುತ್ತಿಗೆಗೆ ಸಹಿ ಬಿದ್ದಿತ್ತು.

ಇಂಥ ಸ್ಥಾವರ ಹೇಗಿರುತ್ತದೆ ಎಂದು ಕಂಡಿಲ್ಲದವರಿಗೆ ಒಂದೆರಡು ಮಾತು. ಹಡಗಿನಲ್ಲಿ ಸರಕು ಸಾಗಿಸುವ ಕಂಟೇನರಿನಷ್ಟೇ ಗಾತ್ರದ ಉಕ್ಕಿನ ಪೆಟ್ಟಿಗೆಗಳು, ಒಳಗೆ ಲಿಥಿಯಂ ಅಯಾನ್ ಬ್ಯಾಟರಿ. ಪಕ್ಕದಲ್ಲಿ ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಸುತ್ತ ಬೇಲಿ. ಗಾಳಿ ಜೋರಾಗಿ ಬೀಸಿ ವಿದ್ಯುತ್ ಹೆಚ್ಚಾದಾಗ ತುಂಬಿಕೊಳ್ಳುತ್ತದೆ, ಸಂಜೆ ಎಲ್ಲರೂ ಒಲೆ ಹಚ್ಚುವ ಹೊತ್ತಿಗೆ ಹಿಂದಿರುಗಿಸುತ್ತದೆ. ಜಾಲದ ಆವರ್ತನ 50 ಹರ್ಟ್ಜ್‌ನಿಂದ ಕುಸಿಯತೊಡಗಿದರೆ ಸೆಕೆಂಡಿನೊಳಗೆ ಹೆಗಲು ಕೊಡುತ್ತದೆ. 2019ರ ಆಗಸ್ಟ್ 9ರ ಸಂಜೆ ಸಿಡಿಲು ಬಡಿದ ಬೆನ್ನಿಗೇ ಒಂದು ಅನಿಲ ಸ್ಥಾವರ ಮತ್ತು ಸಮುದ್ರದ ಒಂದು ಗಾಳಿ ಸ್ಥಾವರ ಒಟ್ಟೊಟ್ಟಿಗೆ ಕಡಿತಗೊಂಡು ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕತ್ತಲಾಯಿತು. ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮಗೆ ಅದು ಸಣ್ಣ ಮಾತು, ಈ ದೇಶಕ್ಕೆ ಅದು ದೊಡ್ಡ ಆಘಾತ. ಅಂದಿನಿಂದ ಬ್ಯಾಟರಿಯ ಅಗತ್ಯವನ್ನು ಯಾರೂ ಪ್ರಶ್ನಿಸಲಿಲ್ಲ. 2020ರ ಡಿಸೆಂಬರಿನಲ್ಲಿ ಸರ್ಕಾರ ಬ್ಯಾಟರಿ ಸ್ಥಾವರಗಳನ್ನು ರಾಷ್ಟ್ರಮಟ್ಟದ ಯೋಜನೆಗಳ ಪಟ್ಟಿಯಿಂದ ತೆಗೆದು, ಎಷ್ಟೇ ದೊಡ್ಡದಾದರೂ ಸ್ಥಳೀಯ ಕೌನ್ಸಿಲೇ ತೀರ್ಮಾನಿಸಲಿ ಎಂದಿತು. ಕೆಲಸ ಬೇಗ ಆಗಲಿ ಎಂಬುದು ಉದ್ದೇಶ. ಹಾಗಾಗಿ ದೇಶದ ಅಗತ್ಯ ಮತ್ತು ಊರಿನ ಹಾನಿ ಒಂದೇ ಮೇಜಿನ ಮೇಲೆ, ಊರಿನವರೇ ಆರಿಸಿದ ಹನ್ನೊಂದು ಮಂದಿಯ ಕೌನ್ಸಿಲ್ ಸಮಿತಿಯ ಮುಂದೆ ಬಂದು ಕೂತವು.

ಮೊದಲ ಅರ್ಜಿ

2023ರ ಜುಲೈನಲ್ಲಿ ಅರ್ಜಿ ಕೊಟ್ಟೆವು. 36 ಕಂಟೇನರು, ನಡುವೆ ಮೂರು ಮೀಟರ್ ಅಂತರ, ಸದ್ದು ತಡೆಯಲು ನಾಲ್ಕೂ ಕಡೆ ನಾಲ್ಕು ಮೀಟರ್ ಎತ್ತರದ ಮರದ ಗೋಡೆ, ಒಂದೇ ದಾರಿ. ವರದಿಯ ಹೆಚ್ಚಿನ ಪುಟಗಳು ದೇಶದ ಅಗತ್ಯದ ಬಗ್ಗೆ: ಇಂಗಾಲ ಗುರಿ, ಗಾಳಿ ವಿದ್ಯುತ್ತು, ಬ್ಲ್ಯಾಕೌಟು. ಬೇರೆ ಜಾಗ ಯಾಕಿಲ್ಲ ಎಂಬುದಕ್ಕೆ ಒಂದೂವರೆ ಪುಟ. ಸಬ್‌ಸ್ಟೇಷನ್ನನ್ನು ನಡುವಿಟ್ಟು ಎರಡು ಕಿಲೋಮೀಟರಿನ ವೃತ್ತ ಎಳೆದು, ಅದರೊಳಗಿನ ಜಾಗಗಳನ್ನು ಕಂಪ್ಯೂಟರಿನ ನಕ್ಷೆಯಲ್ಲಿ ನೋಡಿ, ಒಂದೊಂದಕ್ಕೂ ಒಂದೊಂದು ಸಾಲು ಬರೆದಿದ್ದೆ. ರೈಲು ಹಳಿಯ ಆಚೆಗೆ ಒಂದು ಹಳೆಯ ಗೋದಾಮಿನ ಜಾಗವಿತ್ತು. ಅದರ ಮುಂದೆ ‘ಲಭ್ಯವಿಲ್ಲ’ ಎಂದು ಬರೆದಿದ್ದೆ. ಮಾಲೀಕರನ್ನು ಯಾರೂ ಕೇಳಿರಲಿಲ್ಲ. ನಾನು ಆ ಜಾಗಕ್ಕೆ ಹೋಗಿಯೂ ಇರಲಿಲ್ಲ.

ಊರ ಸಭಾಂಗಣದಲ್ಲಿ ಸಂಜೆ ಹೊತ್ತು ಜನರಿಗೆ ನಕ್ಷೆ ತೋರಿಸಿದೆವು. ಪ್ಯಾರಿಷ್ ಕೌನ್ಸಿಲ್ ಎಂದರೆ ನಮ್ಮ ಗ್ರಾಮ ಪಂಚಾಯಿತಿಯಂತಹ ಸಂಸ್ಥೆ, ಅಧಿಕಾರ ಅದಕ್ಕಿಂತ ತೀರಾ ಕಡಿಮೆ, ಇಂಥ ಅರ್ಜಿಗಳ ಬಗ್ಗೆ ಅಭಿಪ್ರಾಯ ಹೇಳಬಹುದು ಅಷ್ಟೇ. ಅದರ ಅಧ್ಯಕ್ಷೆ, ನಿವೃತ್ತ ಶಾಲಾ ಶಿಕ್ಷಕಿ, ನಕ್ಷೆಗಳ ಮುಂದೆ ತುಂಬಾ ಹೊತ್ತು ನಿಂತು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ಬ್ಯಾಟರಿ ಬೇಕು ಅನ್ನೋದು ನನಗೂ ಗೊತ್ತು. ಇಲ್ಲೇ ಯಾಕೆ ಅಂತ ಹೇಳಿ.” ನಾನು ಮತ್ತೆ ದೇಶದ ಅಗತ್ಯವನ್ನೇ ವಿವರಿಸಿದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು, ಹೊರಟರು. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ ಎಂದು ನನಗೆ ಹೊಳೆದದ್ದು ಆರು ತಿಂಗಳ ನಂತರ.

ಅಗ್ನಿಶಾಮಕ ಸೇವೆಯ ಉತ್ತರವೂ ಸರಿಯಾಗಿ ಬರಲಿಲ್ಲ, ಅದರ ತಪ್ಪು ಕೂಡ ನಮ್ಮದೇ. 2020ರ ಸೆಪ್ಟೆಂಬರಿನಲ್ಲಿ ಲಿವರ್‌ಪೂಲಿನ 20 ಮೆಗಾವ್ಯಾಟಿನ ಬ್ಯಾಟರಿ ಸ್ಥಾವರದಲ್ಲಿ ಒಂದು ಕಂಟೇನರು ಸ್ಫೋಟಿಸಿ ಉರಿದು, ಸಿಬ್ಬಂದಿ ಎರಡು ದಿನಕ್ಕೂ ಹೆಚ್ಚು ಕಾಲ ಅಲ್ಲಿರಬೇಕಾಯಿತು. ಅದಾದ ಮೇಲೆ ಅಗ್ನಿಶಾಮಕ ಮುಖ್ಯಸ್ಥರ ರಾಷ್ಟ್ರೀಯ ಮಂಡಳಿ ಒಂದು ಮಾರ್ಗಸೂಚಿ ಹೊರತಂದಿತ್ತು. ಬೇರೆ ರಕ್ಷಣೆ ತೋರಿಸದಿದ್ದರೆ ಕಂಟೇನರುಗಳ ನಡುವೆ ಆರು ಮೀಟರ್ ಅಂತರ, ಎರಡು ಪ್ರತ್ಯೇಕ ದಾರಿ (ಗಾಳಿ ಯಾವ ಕಡೆ ಬೀಸಿದರೂ ಹೊಗೆಗೆ ಸಿಕ್ಕದೆ ಒಳಗೆ ಹೋಗಲು), ನಿಮಿಷಕ್ಕೆ 1,900 ಲೀಟರಿನಂತೆ ಕನಿಷ್ಠ ಎರಡು ಗಂಟೆ ನೀರು. ಅಂದರೆ 2,28,000 ಲೀಟರ್. ನಮ್ಮ ನಕ್ಷೆಯಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಅದು ಮಾರ್ಗಸೂಚಿ, ಕಾನೂನಲ್ಲ ಎಂದು ಕಂಪನಿಯ ಎಂಜಿನಿಯರ್ ಹೇಳಿದ್ದರು, ಮಾತು ಸರಿಯೇ. ಅರ್ಜಿ ಹೋದ ಮುಂದಿನ ತಿಂಗಳೇ, ಆಗಸ್ಟಿನಲ್ಲಿ, ಸರ್ಕಾರದ ಯೋಜನಾ ಸಲಹೆಯಲ್ಲೂ ಅರ್ಜಿಗೆ ಮೊದಲು ಅಗ್ನಿಶಾಮಕದವರ ಜೊತೆ ಮಾತಾಡಿ ಎಂಬ ಮಾತು ಸೇರಿತು. ಕೌನ್ಸಿಲ್ ಅವರನ್ನು ಕೇಳಿದಾಗ ಅವರು ಮಾರ್ಗಸೂಚಿಯ ಪ್ರತಿಯನ್ನು ಲಗತ್ತಿಸಿ, ನಕ್ಷೆ ಇದಕ್ಕೆ ಹೊಂದುತ್ತಿಲ್ಲ ಎಂದು ಎರಡು ಸಾಲು ಬರೆದರು. ಆ ಎರಡು ಸಾಲು ಸಮಿತಿಯ ಸದಸ್ಯರೆಲ್ಲರ ಕೈಯಲ್ಲಿತ್ತು.

ಕೌನ್ಸಿಲಿನ ಯೋಜನಾಧಿಕಾರಿ ಒಪ್ಪಿಗೆಗೇ ಶಿಫಾರಸು ಮಾಡಿದ್ದರು. ಸಮಿತಿಯಲ್ಲಿ ಪರ-ವಿರೋಧ ಮಾತಾಡುವವರಿಗೆ ಮೂರು ಮೂರು ನಿಮಿಷ. ಪ್ಯಾರಿಷ್ ಅಧ್ಯಕ್ಷೆ ತಮ್ಮ ಮೂರು ನಿಮಿಷದಲ್ಲಿ ಬೆಂಕಿಯ ಬಗ್ಗೆ ಸ್ವಲ್ಪ, ಬಯಲಿನ ಬಗ್ಗೆ ಸ್ವಲ್ಪ ಹೇಳಿ, ಕೊನೆಗೆ ಒಂದು ಫೋಟೊ ತೋರಿಸಿದರು. ರೈಲು ಹಳಿಯಾಚೆಯ ಗೋದಾಮಿನ ಗೇಟು, ಅದರ ಮೇಲೆ ಬಾಡಿಗೆಗಿದೆ ಎಂಬ ಬೋರ್ಡು. ಒಬ್ಬ ಸದಸ್ಯರು ನನ್ನತ್ತ ತಿರುಗಿ ಕೇಳಿದರು, ಲಭ್ಯವಿಲ್ಲ ಅಂತ ಬರೆದಿದ್ದೀರಲ್ಲ, ಯಾರನ್ನು ವಿಚಾರಿಸಿದಿರಿ? ನನ್ನಲ್ಲಿ ಉತ್ತರವಿರಲಿಲ್ಲ. ತಿರಸ್ಕಾರಕ್ಕೆ ಎರಡು ಕಾರಣ ದಾಖಲಾದವು: ಬೇರೆ ಜಾಗ ಹುಡುಕಿದ್ದು ನಂಬುವಂತಿಲ್ಲವಾದ್ದರಿಂದ ಅತಿ ವಿಶೇಷ ಕಾರಣ ಸಾಬೀತಾಗಿಲ್ಲ, ಬೆಂಕಿ ಮತ್ತು ಬೆಂಕಿ ಆರಿಸಿದ ಕಲುಷಿತ ನೀರು ಕೆಳಗಿನ ತೊರೆ ಸೇರುವ ಅಪಾಯಕ್ಕೆ ಪರಿಹಾರ ತೋರಿಸಿಲ್ಲ.

ಮೇಲ್ಮನವಿಯೋ, ಮರು ಅರ್ಜಿಯೋ

ಇಡೀ ಪ್ರಕರಣ ತಿರುಗಿದ್ದು ಈ ಘಟ್ಟದಲ್ಲಿ. ತಿರಸ್ಕಾರವಾದ ಆರು ತಿಂಗಳೊಳಗೆ ಮೇಲ್ಮನವಿ ಹೋಗಬಹುದು. ಅಲ್ಲಿ ತೀರ್ಮಾನಿಸುವುದು ಊರಿನ ಸದಸ್ಯರಲ್ಲ, ಕೇಂದ್ರದ ಯೋಜನಾ ಇನ್‌ಸ್ಪೆಕ್ಟರ್. ದೇಶದ ಅಗತ್ಯಕ್ಕೆ ಇನ್‌ಸ್ಪೆಕ್ಟರುಗಳು ಹೆಚ್ಚು ತೂಕ ಕೊಡುತ್ತಾರೆ, ಅಧಿಕಾರಿಯ ಶಿಫಾರಸೂ ನಮ್ಮ ಪರ ಇತ್ತು, ಗೆಲ್ಲುತ್ತೇವೆ ಎಂದು ಕಂಪನಿಯ ವಕೀಲರ ವಾದ. ಸಂಪರ್ಕದ ದಿನಾಂಕವೂ ಓಡಿ ಬರುತ್ತಿತ್ತು, ಆ ಅವಸರ ನನಗೂ ಅರ್ಥವಾಗುತ್ತಿತ್ತು.

ನಾನು ಬೇಡ ಎಂದೆ. ಗೋದಾಮಿನ ಪ್ರಶ್ನೆಯನ್ನು ಇನ್‌ಸ್ಪೆಕ್ಟರೂ ಕೇಳುತ್ತಾರೆ, ಅಲ್ಲೂ ನಮ್ಮಲ್ಲಿ ಉತ್ತರವಿರುವುದಿಲ್ಲ. ಕೇಳಿದವರು ಬದಲಾಗುತ್ತಾರೆಯೇ ಹೊರತು ಪ್ರಶ್ನೆ ಬದಲಾಗುವುದಿಲ್ಲ. ಆ ಸದಸ್ಯರು ಕೇಳಿದ್ದು ನ್ಯಾಯವಾದ ಪ್ರಶ್ನೆ ಎಂಬುದು ಅದಕ್ಕಿಂತ ಮುಖ್ಯ. ಕಂಪನಿಯೊಳಗೆ ಎರಡು ವಾರ ವಾಗ್ವಾದವಾಯಿತು. ಕೊನೆಗೆ ಒಪ್ಪಿದ್ದು ಹೀಗೆ: ನಾಲ್ಕು ತಿಂಗಳು ಜಾಗಗಳನ್ನು ಕಾಲಲ್ಲಿ ನಡೆದು ನೋಡುವುದು, ಬಂದ ಉತ್ತರ ಏನೇ ಇರಲಿ ಅದನ್ನೇ ಬರೆಯುವುದು, ಮೇಲ್ಮನವಿಯ ಗಡುವಿಗೆ ಎರಡು ತಿಂಗಳಿರುವಾಗ ಮತ್ತೆ ಕೂತು ತೀರ್ಮಾನಿಸುವುದು.

ಹನ್ನೊಂದು ಜಾಗ ನೋಡಿದೆವು. ಗೋದಾಮಿನಿಂದಲೇ ಶುರು ಮಾಡಿದೆ. ಮಾಲೀಕರು ಸಭ್ಯವಾಗಿ ಕೂರಿಸಿ ಮಾತಾಡಿದರು. ಬಾಡಿಗೆಗಿದ್ದದ್ದು ಮುಂದಿನ ಶೆಡ್ಡು ಮಾತ್ರ. ಹಿಂಭಾಗ ಹಳೆಯ ಕಸದ ಗುಂಡಿ, ಮಣ್ಣಿನೊಳಗೆ ಅನಿಲ ಹೊರಹೋಗುವ ಕೊಳವೆಗಳಿದ್ದವು. ಅರ್ಧ ಜಾಗ ಹೆಚ್ಚಿನ ಪ್ರವಾಹ ಅಪಾಯದ ವಲಯದಲ್ಲಿತ್ತು. ಕೇಬಲ್ ರೈಲು ಹಳಿಯ ಅಡಿಯಲ್ಲಿ ಹೋಗಬೇಕಿತ್ತು. ಮೂರೂ ಕಾರಣಗಳು ಬರಹದಲ್ಲಿ, ಮಾಲೀಕರ ಪತ್ರದೊಂದಿಗೆ ದಾಖಲಾದವು. ಆ ಪತ್ರ ತರಲು ಒಂದು ಮಧ್ಯಾಹ್ನ ಸಾಕಾಯಿತು. ಮೊದಲೇ ಹೋಗಿದ್ದರೆ ಒಂದು ವರ್ಷ ಉಳಿಯುತ್ತಿತ್ತು ಎಂದು ನೆನೆದಾಗ ಇಂದಿಗೂ ಮನಸ್ಸು ಚುರುಕ್ ಎನ್ನುತ್ತದೆ.

ಉಳಿದವುಗಳಲ್ಲಿ ಎಂಟರ ಬಗ್ಗೆ ಹೇಳುವಂಥದ್ದೇನಿಲ್ಲ: ಒಳ್ಳೆಯ ಬೇಸಾಯದ ನೆಲ, ಮನೆಗಳಿಗೆ ತೀರಾ ಹತ್ತಿರ, ಮಾರಲೊಲ್ಲದ ಮಾಲೀಕರು, ಹೀಗೆ. ಹತ್ತನೆಯದು ನಾವು ಆರಿಸಿದ್ದ ಏರು ಹೊಲ. ಹನ್ನೊಂದನೆಯದು ಅದೇ ರೈತರ ಇನ್ನೊಂದು ಹೊಲ, 250 ಮೀಟರ್ ಕೆಳಗೆ, ಒಂದು ಕಡೆ ಸಬ್‌ಸ್ಟೇಷನ್ನಿನ ಬೇಲಿ, ಇನ್ನೊಂದು ಕಡೆ ರೈಲಿನ ಎತ್ತರದ ಏರಿ. ಊರ ಕಡೆಯಿಂದ ನೋಡಿದರೆ ಕಾಣುವುದು ಓಕ್ ಮರಗಳ ಸಾಲು, ಅದರ ಹಿಂದೆ ಹೈಟೆನ್ಷನ್ ಕಂಬಗಳು. ಅಲ್ಲಿ ನಿಂತಾಗ ನನಗೂ ಭೂದೃಶ್ಯ ತಜ್ಞರಿಗೂ ಒಂದೇ ಕ್ಷಣಕ್ಕೆ ಗೊತ್ತಾಯಿತು, ಬಯಲುತನಕ್ಕೆ ಇಲ್ಲಿ ಆಗುವ ಹಾನಿ ಮೇಲಿನ ಹೊಲಕ್ಕಿಂತ ಎಷ್ಟೋ ಕಡಿಮೆ.

ರೈತರನ್ನು ಕೇಳಿದೆ. ಎಪ್ಪತ್ತು ದಾಟಿದವರು, ಕುರಿ ಸಾಕುತ್ತಾರೆ. “ನಾನು ಮೊದಲು ತೋರಿಸಿದ್ದೇ ಕೆಳಗಿನ ಹೊಲ. ಅದು ಜೌಗು, ಮೇಲಿಂದು ಗಟ್ಟಿ ಅಂತ ನಿಮ್ಮವರೇ ಮೇಲಿಂದು ತಗೊಂಡರು. ಕುರಿಗೆ ನನಗೆ ಬೇಕಾಗಿದ್ದೇ ಮೇಲಿಂದು.” ಕಂಪನಿ ಏರು ಹೊಲ ಆರಿಸಿದ್ದು ಅಡಿಪಾಯದ ಖರ್ಚು ಉಳಿಯಲೆಂದು. ಆ ಉಳಿತಾಯ ಬಯಲುತನದ ಲೆಕ್ಕದಲ್ಲಿ ಎಷ್ಟು ದುಬಾರಿ ಎಂದು ಯಾರೂ ಎಣಿಸಿರಲಿಲ್ಲ. ಬೇರೆ ಜಾಗಗಳ ಪರಿಶೀಲನೆ ಎಂಬುದನ್ನು ನಮ್ಮ ಕಸುಬಿನಲ್ಲಿ ಆರಿಸಿಯಾದ ಜಾಗಕ್ಕೆ ಸಮರ್ಥನೆ ಒದಗಿಸುವ ಅನುಬಂಧದಂತೆ ಬರೆಯುವ ರೂಢಿ ಬೆಳೆದಿದೆ. ನಾನೂ ಹಾಗೇ ಬರೆದಿದ್ದೆ. ಅದನ್ನು ನಿಜವಾದ ಹುಡುಕಾಟವಾಗಿ ಮಾಡಿದಾಗ ಜಾಗವೇ ಬದಲಾಯಿತು. ಮೇಲ್ಮನವಿಯ ಯೋಚನೆ ಅಲ್ಲಿಗೆ ಮುಗಿಯಿತು.

ಬೆಂಕಿ, ಸದ್ದು, ಬಯಲು: ಒಂದನ್ನೆಳೆದರೆ ಇನ್ನೊಂದು

ಹೊಸ ನಕ್ಷೆಯ ಮೊದಲ ಗೆರೆ ಎಳೆಯುವ ಮುನ್ನವೇ ಅಗ್ನಿಶಾಮಕ ಠಾಣೆಗೆ ಹೋದೆವು. ಅಲ್ಲಿ ಕಲಿತದ್ದು ನನ್ನ ಇಡೀ ತಿಳಿವಳಿಕೆಯನ್ನು ಬದಲಿಸಿತು. ಹೊತ್ತಿಕೊಂಡ ಬ್ಯಾಟರಿ ಕಂಟೇನರನ್ನು ನೀರು ಹಾಕಿ ಆರಿಸಲು ಅವರು ಸಾಮಾನ್ಯವಾಗಿ ಹೋಗುವುದೇ ಇಲ್ಲ. ಒಳಗಿನ ಕೋಶಗಳು ಒಂದರ ಬಿಸಿಗೆ ಇನ್ನೊಂದು ಕಾದು ಸರಪಳಿಯಂತೆ ಉರಿಯುತ್ತವೆ, ಅದನ್ನು ಉರಿದು ಮುಗಿಯಲು ಬಿಟ್ಟು, ಅಕ್ಕಪಕ್ಕದ ಕಂಟೇನರುಗಳನ್ನು ನೀರಿನಿಂದ ತಣ್ಣಗಿಡುತ್ತಾರೆ. ಅಂತರ, ನೀರು, ಎರಡು ದಾರಿ, ಈ ಮೂರರ ಅರ್ಥ ಇದೇ. ನಾವು ಬಳಸಲಿದ್ದ ಲಿಥಿಯಂ ಐರನ್ ಫಾಸ್ಫೇಟ್ ಬಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಆದರೆ ಕೆಟ್ಟಾಗ ಹೈಡ್ರೋಜನ್ ಸೇರಿದಂತೆ ಸ್ಫೋಟಿಸಬಲ್ಲ ಅನಿಲ ಬಿಡುತ್ತದೆ, ಅದು ಹೊರಹೋಗುವ ದಾರಿ ಮೇಲ್ಮುಖವಾಗಿರಬೇಕು ಎಂದರು.

ಇಕ್ಕಟ್ಟು ಎದುರಾದದ್ದು ಇಲ್ಲಿಂದ ಮುಂದೆ. ಅಂತರವನ್ನು ಆರು ಮೀಟರಿಗೆ ಏರಿಸಿದರೆ ಸ್ಥಾವರ ಹರಡುತ್ತದೆ, ಬಯಲುತನ ಹೆಚ್ಚು ಹಾಳಾಗುತ್ತದೆ. ಸದ್ದು ತಡೆಯುವ ಗೋಡೆ ಎತ್ತರವಾದಷ್ಟೂ ಮನೆಗಳಿಗೆ ನೆಮ್ಮದಿ, ಬಯಲಿಗೆ ಅಷ್ಟೇ ಹಾನಿ. ನೀರಿನ ಟ್ಯಾಂಕು ಕೂಡ ಬಯಲಲ್ಲಿ ಎದ್ದ ಕಟ್ಟಡವೇ. ಪ್ರತಿಯೊಬ್ಬ ತಜ್ಞರೂ ತಮ್ಮ ಅಂಶವನ್ನು ಸುರಕ್ಷಿತ ಮಾಡಿದರೆ ಒಟ್ಟು ಯೋಜನೆ ಸೋಲುತ್ತದೆ. ಮೊದಲ ಸಲ ಒಬ್ಬೊಬ್ಬರ ವರದಿಯನ್ನೂ ಬೇರೆಬೇರೆ ತರಿಸಿ ಒಂದರ ಮೇಲೊಂದು ಪೇರಿಸಿದ್ದೆವು. ಈ ಸಲ ಅಗ್ನಿ, ಸದ್ದು, ಭೂದೃಶ್ಯ, ನೀರುಗಾಲುವೆ, ನಾಲ್ವರನ್ನೂ ಒಂದೇ ಮೇಜಿಗೆ ಕೂರಿಸಿ ಎರಡು ಇಡೀ ದಿನ ಒಂದೇ ನಕ್ಷೆಯ ಮೇಲೆ ಕೆಲಸ ಮಾಡಿದೆವು.

ಕಾಲವೂ ನೆರವಾಯಿತು. ಆ ಒಂದು ವರ್ಷದಲ್ಲಿ ಅಷ್ಟೇ ಗಾತ್ರದ ಕಂಟೇನರಿನಲ್ಲಿ 5 ಮೆಗಾವ್ಯಾಟ್‌ಗಂಟೆ ಹಿಡಿಸುವ ಬ್ಯಾಟರಿಗಳು ಮಾರುಕಟ್ಟೆಗೆ ಸಾಮಾನ್ಯವಾಗಿ ಬಂದವು. 36 ಕಂಟೇನರು 24ಕ್ಕೆ ಇಳಿದವು, ಹಾಗಾಗಿ ಆರು ಮೀಟರ್ ಅಂತರ ಕೊಟ್ಟರೂ ಒಟ್ಟು ವಿಸ್ತಾರ ಸ್ವಲ್ಪ ಕಡಿಮೆಯೇ ಆಯಿತು. ಗಾಳಿಯ ಫ್ಯಾನುಗಳ ಬದಲು ದ್ರವದಿಂದ ತಣಿಸುವ ಬಗೆ ಆರಿಸಿ, ಆ ದ್ರವವನ್ನು ತಂಪಾಗಿಸುವ ಫ್ಯಾನಿನ ವೇಗವನ್ನೂ ರಾತ್ರಿ ತಗ್ಗಿಸುವ ಏರ್ಪಾಡು ಮಾಡಿದೆವು. ಹಳ್ಳಿಯ ರಾತ್ರಿ ತುಂಬಾ ನಿಶ್ಶಬ್ದ. ಆ ಹಿನ್ನೆಲೆಯಲ್ಲಿ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಅಳತೆಯಲ್ಲಿ ಸಣ್ಣದಿದ್ದರೂ ಕಿವಿಗೆ ಅಂಟಿಕೊಳ್ಳುತ್ತದೆ, ಇಲ್ಲಿನ ಮಾನದಂಡವೂ ಒಂದೇ ಸ್ವರದ ಸದ್ದಿಗೆ ಹೆಚ್ಚುವರಿ ದಂಡ ಸೇರಿಸಿಯೇ ಲೆಕ್ಕ ಹಾಕುತ್ತದೆ. ರೈಲಿನ ಏರಿ ಒಂದು ಕಡೆ ತಾನಾಗಿಯೇ ತಡೆಗೋಡೆಯಾಯಿತು. ಮರದ ಗೋಡೆ ಮನೆಗಳಿದ್ದ ಒಂದೇ ದಿಕ್ಕಿಗೆ, ಮೂರು ಮೀಟರಿಗೆ ಸಾಕಾಯಿತು. ಟ್ಯಾಂಕುಗಳನ್ನು ಅರ್ಧ ನೆಲದೊಳಗೆ ಇಳಿಸಿದೆವು. ಮಳೆನೀರಿನ ಹೊಂಡಕ್ಕೆ ನೀರಿಳಿಯದ ಹಾಸು ಹಾಕಿ, ಹೊರಹೋಗುವ ಬಾಯಿಗೆ ಬೆಂಕಿಯ ಎಚ್ಚರಿಕೆ ಬಂದೊಡನೆ ಮುಚ್ಚಿಕೊಳ್ಳುವ ತೂಬು ಇಟ್ಟೆವು, ಕಲುಷಿತ ನೀರು ತೊರೆಗೆ ಹೋಗದೆ ಹೊಂಡದಲ್ಲೇ ನಿಂತು ಟ್ಯಾಂಕರಿನಲ್ಲಿ ಹೊರಹೋಗಲಿ ಎಂದು. ಜೌಗು ನೆಲವಾದ್ದರಿಂದ ಈ ಹೊಂಡದ ವಿನ್ಯಾಸಕ್ಕೇ ಎರಡು ತಿಂಗಳು ಹಿಡಿಯಿತು.

2024ರ ಫೆಬ್ರವರಿಯಿಂದ ಜೀವವೈವಿಧ್ಯವನ್ನು ಇದ್ದದ್ದಕ್ಕಿಂತ ಕನಿಷ್ಠ 10% ಹೆಚ್ಚಿಸಿ 30 ವರ್ಷ ಕಾಯುವುದು ಕಾನೂನಾಗಿತ್ತು. ಮೊದಲ ಅರ್ಜಿಗೆ ಅದು ಅನ್ವಯವಾಗಿರಲಿಲ್ಲ, ಎರಡನೆಯದಕ್ಕೆ ಆಯಿತು. ಜೌಗಿನ ಮೂಲೆಯನ್ನು ಮುಟ್ಟದೆ ಬಿಟ್ಟು, ಹಳೆಯ ಬೇಲಿಸಾಲಿನ ಕಂಡಿಗಳಲ್ಲಿ ಗಿಡ ನೆಡುವುದರಿಂದಲೇ ಅದು ಬಹುಪಾಲು ಈಡೇರಿತು.

ನಿಯಮವೇ ಬದಲಾದಾಗ

2024ರ ಅಕ್ಟೋಬರಿನಲ್ಲಿ ಎರಡನೇ ಅರ್ಜಿ ಹೋಯಿತು. ಡಿಸೆಂಬರ್ 12ರಂದು ಸರ್ಕಾರ ರಾಷ್ಟ್ರೀಯ ಯೋಜನಾ ನೀತಿ ಚೌಕಟ್ಟನ್ನು ಪರಿಷ್ಕರಿಸಿ ‘ಗ್ರೇ ಬೆಲ್ಟ್’ ಎಂಬ ಹೊಸ ಬಗೆ ತಂದಿತು. ಗ್ರೀನ್ ಬೆಲ್ಟ್‌ನೊಳಗೇ ಇದ್ದು, ನಗರ ಹರಡದಂತೆ ತಡೆಯುವುದು, ಪಟ್ಟಣಗಳು ಸೇರದಂತೆ ಕಾಯುವುದು, ಚಾರಿತ್ರಿಕ ಪಟ್ಟಣದ ಪರಿಸರ ಉಳಿಸುವುದು, ಈ ಮೂರರಲ್ಲಿ ಯಾವುದಕ್ಕೂ ಬಲವಾಗಿ ನೆರವಾಗದ ನೆಲ ಗ್ರೇ ಬೆಲ್ಟ್. ಅಂಥ ನೆಲದಲ್ಲಿ ಆ ಬಗೆಯ ನಿರ್ಮಾಣದ ಅಗತ್ಯ ಈಡೇರದೆ ಉಳಿದಿದೆ ಎಂದು ತೋರಿಸಿ, ಜಾಗವೂ ಸೂಕ್ತವಾಗಿದ್ದು, ಉಳಿದ ಗ್ರೀನ್ ಬೆಲ್ಟ್‌ನ ಉದ್ದೇಶಕ್ಕೆ ಬುಡಮಟ್ಟದ ಪೆಟ್ಟು ಬೀಳದಿದ್ದರೆ ಅದು ‘ಸಲ್ಲದ ನಿರ್ಮಾಣ’ವೇ ಅಲ್ಲ. ಅತಿ ವಿಶೇಷ ಕಾರಣ ತೋರಿಸುವ ಪ್ರಮೇಯವೇ ಬರುವುದಿಲ್ಲ. ಅದೇ ತಿಂಗಳು ಬಂದ ಸರ್ಕಾರದ ಶುದ್ಧ ವಿದ್ಯುತ್ ಯೋಜನೆಯಲ್ಲಿ 2030ಕ್ಕೆ 23ರಿಂದ 27 ಗಿಗಾವ್ಯಾಟ್ ಬ್ಯಾಟರಿ ಬೇಕೆಂಬ ಲೆಕ್ಕವಿತ್ತು, ಆಗ ಇದ್ದದ್ದು ಸುಮಾರು 4.5. ಅಗತ್ಯ ತೋರಿಸಲು ಇನ್ನೇನು ಬೇಕು?

ಕಂಪನಿಗೆ ಹಬ್ಬವಾಯಿತು. ಹಳೆಯ ವಾದವನ್ನೆಲ್ಲ ಕಿತ್ತುಹಾಕಿ, ಗ್ರೇ ಬೆಲ್ಟ್ ಎಂದು ನಾಲ್ಕು ಪುಟ ಬರೆದು ಮುಗಿಸಿ ಎಂದರು. ನಾನು ಎರಡನ್ನೂ ಇಟ್ಟೆ: ಇದು ಗ್ರೇ ಬೆಲ್ಟ್, ಅಲ್ಲವೆಂದು ಸಮಿತಿಗೆ ಅನ್ನಿಸಿದರೂ ಅತಿ ವಿಶೇಷ ಕಾರಣ ಇದೆ. ಹೊಸ ನಿಯಮವನ್ನು ಓದುವ ಬಗೆ ಆಗ ಯಾರಿಗೂ ಗಟ್ಟಿಯಾಗಿರಲಿಲ್ಲ ಎಂಬುದು ಒಂದು ಕಾರಣ. ಹಳ್ಳಿಯನ್ನು ಪಟ್ಟಣವೆಂದು ಎಣಿಸಬಾರದು ಎಂಬ ಸ್ಪಷ್ಟನೆ ಸರ್ಕಾರದಿಂದ ಬಂದದ್ದೇ ಫೆಬ್ರವರಿ ಕೊನೆಗೆ. ಇನ್ನೊಂದು ಕಾರಣ ನನ್ನ ಮನಸ್ಸಿನದು. ಹಳ್ಳಿಗಾಡಿನ ಒತ್ತುವರಿ ತಪ್ಪಿಸುವುದು ಎಂಬ ಮೂರನೇ ಉದ್ದೇಶ ಗ್ರೇ ಬೆಲ್ಟ್ ವ್ಯಾಖ್ಯೆಯಲ್ಲಿ ಸೇರಿಲ್ಲ. ಊರಿನವರ ಸಂಕಟವೆಲ್ಲ ಇದ್ದದ್ದು ಅದರ ಬಗ್ಗೆಯೇ. ನೀವು ಎರಡು ವರ್ಷದಿಂದ ಹೇಳುತ್ತಿದ್ದ ಮಾತು ಈಗ ಲೆಕ್ಕಕ್ಕಿಲ್ಲ ಎಂದು ಅವರ ಮುಂದೆ ಹೇಳಲು ನಾನು ಸಿದ್ಧಳಿರಲಿಲ್ಲ. ಕಾನೂನು ಅನುಮತಿಸಿದರೂ ಅವರ ಪ್ರಶ್ನೆಗೆ ಉತ್ತರ ಕೊಡುವ ಋಣ ನಮ್ಮ ಮೇಲಿತ್ತು.

ಅಷ್ಟರಲ್ಲಿ 2025ರ ಜನವರಿ 16ರಂದು ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ 300 ಮೆಗಾವ್ಯಾಟಿನ ಬ್ಯಾಟರಿ ಸ್ಥಾವರ ಹೊತ್ತಿ ಉರಿದು ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಮುಂದಿನ ತಿಂಗಳು ಇಲ್ಲಿಯೇ, ಎಸೆಕ್ಸ್‌ನ ಈಸ್ಟ್ ಟಿಲ್ಬರಿಯಲ್ಲಿ, ಕಟ್ಟುತ್ತಿದ್ದ ಸ್ಥಾವರದಲ್ಲಿ ಬೆಂಕಿ ಬಿತ್ತು. ಸಮಿತಿಯ ಸಭೆಗೆ ಎರಡು ತಿಂಗಳಷ್ಟೇ ಇತ್ತು. ಕಂಪನಿ ಸುಮ್ಮನಿರೋಣ ಎಂದಿತು. ನಾವು ಬದಲಿಗೆ ಪ್ಯಾರಿಷ್ ಕೌನ್ಸಿಲಿಗೆ ನಾವಾಗಿಯೇ ಹೋಗಿ, ಮಾಸ್ ಲ್ಯಾಂಡಿಂಗ್‌ನಲ್ಲಿ ಏನಾಯಿತೆಂದು ನಕ್ಷೆ ಸಮೇತ ವಿವರಿಸಿದೆವು. ಅಲ್ಲಿ ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ, ಒಂದೇ ಸೂರಿನಡಿ ಬ್ಯಾಟರಿಗಳನ್ನು ಜೋಡಿಸಿದ್ದರು, ಬ್ಯಾಟರಿಯ ಬಗೆಯೂ ಬೇರೆ. ಇಲ್ಲಿ ಬಿಡಿ ಕಂಟೇನರು, ಬಯಲು, ಅಂತರ. ಬೆಂಕಿ ಬೀಳುವುದೇ ಇಲ್ಲ ಎಂದು ನಾವು ಹೇಳಲಿಲ್ಲ. ಬಿದ್ದರೆ ಒಂದು ಕಂಟೇನರು ಹೋಗುತ್ತದೆ, ಹೊಗೆ ಇರುವವರೆಗೆ ಕಿಟಕಿ ಮುಚ್ಚಿಕೊಳ್ಳಿ ಎಂಬ ಸೂಚನೆ ನಿಮಗೆ ಬರಬಹುದು ಎಂದು ಇದ್ದದ್ದನ್ನೇ ಹೇಳಿದೆವು. ಜೊತೆಗೆ ಬಂದಿದ್ದ ಅಗ್ನಿಶಾಮಕ ಅಧಿಕಾರಿ ತಮ್ಮ ಬಾಯಿಂದಲೇ ಹೇಳಿದ್ದು ನಮ್ಮ ಹತ್ತು ವರದಿಗಿಂತ ಮೇಲಾಯಿತು.

ಪ್ಯಾರಿಷ್ ಕೌನ್ಸಿಲ್ ಬೆಂಬಲ ಕೊಡಲಿಲ್ಲ. ತನ್ನ ಆಕ್ಷೇಪವನ್ನು ಬಯಲುತನಕ್ಕೆ ಮಾತ್ರ ಸೀಮಿತಗೊಳಿಸಿ, ಬೆಂಕಿಯ ಮಾತನ್ನು ಹಿಂತೆಗೆದುಕೊಂಡಿತು. ಬ್ಯಾಟರಿ ಯಾವ ವಿದ್ಯುತ್ತನ್ನಾದರೂ ತುಂಬಿಕೊಳ್ಳುತ್ತದೆ, ಅದನ್ನು ನವೀಕರಿಸಬಹುದಾದ ಶಕ್ತಿ ಎನ್ನುವುದು ಸರಿಯಲ್ಲ ಎಂದು ಅವರು ಎತ್ತಿದ್ದ ವಾದ ಬಲವಾಗಿಯೇ ಇತ್ತು. ಅದಕ್ಕೆ ನಮ್ಮ ಉತ್ತರ, ಗಾಳಿ-ಬಿಸಿಲಿನ ವಿದ್ಯುತ್ತು ಪೋಲಾಗದಂತೆ ಉಳಿಸುವುದರಲ್ಲಿ ಇದರ ಪಾತ್ರವಿದೆ ಎಂಬುದಷ್ಟೇ. ಅದಕ್ಕಿಂತ ಹೆಚ್ಚು ಹೇಳುವುದು ಅಪ್ರಾಮಾಣಿಕವಾಗುತ್ತಿತ್ತು.

ಏಪ್ರಿಲ್ ಸಭೆಯಲ್ಲಿ ಒಬ್ಬ ಸದಸ್ಯರು ಗ್ರೇ ಬೆಲ್ಟ್ ಎಂಬುದನ್ನು ಒಪ್ಪಲಿಲ್ಲ. ಇಬ್ಬರಿಗೆ ಅನುಮಾನವಿತ್ತು. ಅಧಿಕಾರಿ ಎರಡನೇ ವಾದದ ಪುಟ ತೆಗೆದು, ಹನ್ನೊಂದು ಜಾಗಗಳ ಪಟ್ಟಿಯನ್ನೂ ಗೋದಾಮಿನ ಮಾಲೀಕರ ಪತ್ರವನ್ನೂ ಪರದೆಯ ಮೇಲೆ ತೋರಿಸಿದರು. ಹಿಂದಿನ ಸಲ ನನ್ನನ್ನು ಪ್ರಶ್ನಿಸಿದ್ದ ಸದಸ್ಯರು ಪತ್ರವನ್ನು ಪೂರ್ತಿ ಓದಿ, ಸರಿ, ಈಗ ಹೋಗಿ ನೋಡಿದ್ದೀರಿ ಎಂದರು. ಪರವಾಗಿ ಏಳು ಮತ, ವಿರುದ್ಧ ನಾಲ್ಕು. 40 ವರ್ಷದ ಮಿತಿ, ಆಮೇಲೆ ಎಲ್ಲವನ್ನೂ ತೆಗೆದು ಹುಲ್ಲುಗಾವಲು ಹಿಂದಿರುಗಿಸುವ ಷರತ್ತು, ಅದಕ್ಕೆ ಹಣದ ಖಾತರಿ, ರಾತ್ರಿ ಸದ್ದಿನ ಮಿತಿ, ಕೆಲಸಕ್ಕೆ ಮುನ್ನ ಅಗ್ನಿಶಾಮಕದವರು ಒಪ್ಪಿದ ಸುರಕ್ಷತಾ ಯೋಜನೆ. ಹಣದ ಖಾತರಿಯನ್ನು ಕಂಪನಿ ಕೊನೆಯವರೆಗೂ ವಿರೋಧಿಸಿತು. ನನ್ನ ಅಭಿಪ್ರಾಯದಲ್ಲಿ ಅದು ಕೇಳಲೇಬೇಕಾದದ್ದು. 40 ವರ್ಷದ ಹೊತ್ತಿಗೆ ಕಂಪನಿ ಇರುತ್ತದೋ ಇಲ್ಲವೋ, ಹೊಲ ಇರುತ್ತದೆ.

ವಿರುದ್ಧ ಮತ ಹಾಕಿದ ನಾಲ್ವರಲ್ಲಿ ಇಬ್ಬರು ಆ ಊರಿನವರೇ. ಅವರ ಮಾತು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಹಾನಿ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ರೈಲಿನಲ್ಲಿ ಹೋಗುವಾಗ ಏರಿಯ ಮೇಲಿಂದ ನೋಡಿದರೆ ಆ 24 ಪೆಟ್ಟಿಗೆಗಳು ಮುಂದೆ ಕಂಡೇ ಕಾಣುತ್ತವೆ.

ಈಗ ಷರತ್ತುಗಳ ಕೆಲಸ ನಡೆದಿದೆ. ಕಳೆದ ತಿಂಗಳು ಸ್ಥಳೀಯ ಠಾಣೆಯವರು ಅಗ್ನಿಶಾಮಕ ವಾಹನವನ್ನೇ ಹೊಲಕ್ಕೆ ತಂದು ಎರಡನೇ ದಾರಿಯಲ್ಲಿ ತಿರುಗಿಸಿ ನೋಡಿದರು. ನಕ್ಷೆಯಲ್ಲಿ ಸರಿಯಾಗಿದ್ದ ತಿರುವು ನೆಲದ ಮೇಲೆ ಸಾಲಲಿಲ್ಲ, ಹಿಂದಿನ ಚಕ್ರ ಕಾಲುವೆಗೆ ಜಾರಿತು. ಗೇಟನ್ನು ಓಕ್ ಮರದಿಂದ ಆರು ಹೆಜ್ಜೆ ಆಚೆಗೆ ಸರಿಸಬೇಕೆಂದು ಗೂಟ ಹೊಡೆದೆವು. ಪ್ಯಾರಿಷ್ ಅಧ್ಯಕ್ಷೆಯೂ ಬಂದಿದ್ದರು. ತೂಬಿನ ಹಿಡಿ ಎಲ್ಲಿ ಬರುತ್ತದೆ, ತಾನಾಗಿ ಮುಚ್ಚದಿದ್ದರೆ ಕೈಯಲ್ಲಿ ಹೇಗೆ ಮುಚ್ಚಬೇಕು ಎಂದು ಕೇಳಿ ತಿಳಿದುಕೊಂಡು, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.